ಬ್ರೇಕ್ ಕಾಲಿನ ಹೆಬ್ಬೆರಳು

ಮಾರ್ಚ್ ೩, ಬೆಳಗ್ಗೆ
ಭೂಮಿಯ ಮೇಲೆ ನನ್ನಷ್ಟು ಮೆತ್ತಗೆ ಬ್ರೇಕ್ ಹಾಕುವ ಬಸ್ ಡ್ರೈವರ್ ಹುಟ್ಟಿಲ್ಲ, ಹುಟ್ಟುವುದೂ ಇಲ್ಲ. ನಿನ್ನೆ ಒಬ್ಬ ಮುದುಕ ಲೋಟ ಹಿಡಿದು ಮೊದಲ ಸ್ಟಾಪಿನಿಂದ ಕೊನೆಯವರೆಗೆ ನಿಂತೇ ಬಂದ. ಒಂದು ಹನಿ ಚೆಲ್ಲಲಿಲ್ಲ. ಲೋಟ ಖಾಲಿ ಇತ್ತು ಎನ್ನುತ್ತಾನೆ ಕಂಡಕ್ಟರ್. ಹೊಟ್ಟೆಕಿಚ್ಚು.
ಎಂದಿನಂತೆ ನೀರು ಮುಟ್ಟದೆ ಹೊರಟಿದ್ದೇನೆ. ಕುಡಿದರೆ ಇಳಿಯಬೇಕು, ಇಳಿದರೆ ಬಸ್ ಲೇಟು. ಡ್ಯೂಟಿ ಮುಗಿದ ಮೇಲೆ ಬಿಯರ್ ಇದ್ದೇ ಇದೆ.

ಮಾರ್ಚ್ ೫
ಬಲಗಾಲಿನ ಹೆಬ್ಬೆರಳು... ಬೆಳಗಾಗುವಷ್ಟರಲ್ಲಿ ಕೆಂಡ. ಊದಿ, ಕೆಂಪಾಗಿ, ಮಿರಮಿರ ಮಿಂಚುತ್ತಿದೆ. ಹೊದಿಕೆಯ ಅಂಚು ತಗುಲಿದರೂ ಲಾರಿ ಹತ್ತಿದ ಹಾಗೆ. ಹೆಂಡತಿ ಮುಟ್ಟಿ ನೋಡಿ, ಬಸ್ಸಿನ ಬಾನೆಟ್ಟೂ ಇಷ್ಟು ಕಾಯುವುದಿಲ್ಲ ಎಂದಳು. ಅಳಲಿಲ್ಲ. ಕಣ್ಣಿಗೆ ಧೂಳು.
ಮೆಟ್ಟಿಲಲ್ಲಿ ಉಳುಕಿತೆಂದು ಡಿಪೋಗೆ ಫೋನ್ ಮಾಡಿದೆ. ಇಪ್ಪತ್ತೆಂಟಕ್ಕೆ ಬ್ರೇಕ್ ಟೆಸ್ಟ್ ಎಂದ ಮ್ಯಾನೇಜರ್. ಕಾಲು ಒತ್ತದಿದ್ದರೆ ಗೇಟಿನ ಕುರ್ಚಿ. ನಾನು—ಗೇಟಿನಲ್ಲಿ—ಬಂದ ಬಸ್ಸಿಗೆಲ್ಲ ಸಲಾಂ ಹೊಡೆಯುತ್ತ.

ಮಾರ್ಚ್ ೬
ರಕ್ತ ಕೊಟ್ಟೆ. ಕೀಲು ಊದಿದರೆ ನೋಡುವ ಯೂರಿಕ್ ಆಸಿಡ್ ನಾರ್ಮಲ್. ಹೇಳಲಿಲ್ಲವೇ, ಉಳುಕೇ. ಡಿಪೋದಲ್ಲೇ ಮೆಕ್ಯಾನಿಕ್ ಆಗಿರುವ ಭಾವಮೈದ ಎಣ್ಣೆ ಹಚ್ಚಿ ನೀವಿದ. ಹಟ ಹಿಡಿದ ನಟ್ಟು ಬಿಚ್ಚುವವನಂತೆ ತಿರುಗಿಸಿಯೂ ನೋಡಿದ. ಆಮೇಲಿನದು ಬರೆಯುವುದಿಲ್ಲ. ಪಕ್ಕದ ಮನೆಯವರು ಓಡಿ ಬಂದರು.

ಮಾರ್ಚ್ ೯
ಅಕ್ಕನ ಮಗಳು ಬೈದು ಕೀಲಿನ ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. ಬಿಸಿಯಾಗಿ ಊದಿದ ಕೀಲಿನಲ್ಲಿ ಕೀವೂ ಇರಬಹುದು, ಊಹೆ ಮಾಡಬಾರದು, ಒಳಗಿನ ನೀರು ತೆಗೆದು ನೋಡಬೇಕು ಎಂದರು ಡಾಕ್ಟರಮ್ಮ. ಸೂಜಿ ಕಂಡಾಗ ನಾನು ಕಣ್ಣು ಮುಚ್ಚಿದ್ದು ಧ್ಯಾನಕ್ಕೆ. ಕೀವಿಲ್ಲ. ಮೈಕ್ರೋಸ್ಕೋಪಿನಲ್ಲಿ ನನಗೂ ತೋರಿಸಿದರು—ಸೂಜಿಯಂಥವೇ ಹರಳುಗಳು. ಗೌಟ್, ಅಂದರೆ ಯೂರಿಕ್ ಆಸಿಡ್ ಕೀಲಿನಲ್ಲಿ ಹರಳುಗಟ್ಟುವ ರೋಗ. ನೋವು ಕೆರಳಿದಾಗ ರಕ್ತ ನಾರ್ಮಲ್ ಎಂದು ಸುಳ್ಳು ಹೇಳುವುದುಂಟಂತೆ. ನನ್ನ ರಕ್ತವಲ್ಲವೇ.
“ಡ್ಯೂಟಿಲಿ ಎಷ್ಟು ನೀರು ಕುಡೀತೀರ?”
“ಒಂದು ಹನಿಯೂ ಇಲ್ಲ,” ಎದೆಯುಬ್ಬಿಸಿದೆ. “ಇಪ್ಪತ್ತು ವರ್ಷದಿಂದ.”
“ಮತ್ತೆ ಸಂಜೆ ಬಿಯರು. ಹರಳು ಕಟ್ಟದೆ ಇನ್ನೇನ್ ಮಾಡುತ್ತೆ?”
ಅಪ್ಪನಿಗೂ ಹೀಗೇ ಕಾಲು ಊದುತ್ತಿತ್ತು. ಆಸ್ತಿ ಬರಲಿಲ್ಲ, ಇದು ಬಂತು.
ಊತಕ್ಕೆ ಮಾತ್ರೆ. ಹರಳು ಕರಗಲು ಇನ್ನೊಂದು, ದಿನಾ, ನೋವು ಹೋದ ಮೇಲೂ.

ಮಾರ್ಚ್ ೨೦
ಇಷ್ಟು ದಿನ ಬರೆಯಲಿಲ್ಲ. ಕಾಲು ದಿಂಬಿನ ಮೇಲೆ, ಐಸು ಬೆರಳ ಮೇಲೆ, ಮಹಾರಾಜನ ಹಾಗೆ ಬಿದ್ದಿದ್ದೆ. ಇವತ್ತು ಶೂ ಒಳಗೆ ಹೋಯಿತು! ಲೇಸೂ ಕಟ್ಟಿದೆ.
ನೋವೇ ಇಲ್ಲದ ಮೇಲೆ ಮಾತ್ರೆ ಯಾಕೆಂದೆ.
“ಮಾವ, ಬಸ್ ನಿಂತ ಮೇಲೂ ಹ್ಯಾಂಡ್‌ಬ್ರೇಕ್ ಯಾಕೆ ಹಾಕ್ತೀಯ?” ಎಂದಳು ಅಕ್ಕನ ಮಗಳು.
ನುಂಗಿದೆ.

ಮಾರ್ಚ್ ೨೮, ಮಧ್ಯಾಹ್ನ
ಗೆದ್ದೆ. ಅಂಗಳದ ತುಂಬ ಜನ. ಮ್ಯಾನೇಜರ್ ನನ್ನ ಬೆನ್ನ ಹಿಂದೆಯೇ ಕೂತಿದ್ದ. ಬಿಳಿ ಗೆರೆ ಕಂಡದ್ದೇ ಪೂರ್ತಿ ಒತ್ತಿದೆ—ಗೆರೆಗೆ ಗೇಣು ಮೊದಲೇ ನಿಂತಿತು. ಇನ್ನೊಮ್ಮೆ ಎಂದ. ಮತ್ತೆ ಅಲ್ಲೇ. ಬೆರಳು ತುಟಿಪಿಟಕ್ ಎನ್ನಲಿಲ್ಲ.
“ತಗೊಳ್ಳಯ್ಯ, ನಿನ್ನ ರೂಟು ನಿಂಗೇ.”
ಸಿಕ್ಕಿದ್ದೇ ಸಮಯವೆಂದು ಡಾಕ್ಟರಮ್ಮನ ಚೀಟಿ ಮುಂದಿಟ್ಟೆ. ನಡುದಾರಿಯಲ್ಲಿ ನೀರಿಗೆ, ಬಾತ್‌ರೂಮಿಗೆ ಹತ್ತು ನಿಮಿಷ ಹಾಲ್ಟ್—ಎಲ್ಲ ಡ್ರೈವರುಗಳಿಗೂ. ಒಪ್ಪಿದ. ಡ್ರೈವರುಗಳೆಲ್ಲ ನನ್ನನ್ನು ಹೆಗಲ ಮೇಲೆ ಹೊತ್ತು ಕುಣಿದರು. ಭಾರ ಎಂದು ಬೇಗ ಇಳಿಸಿದರು.

ಅದೇ ದಿನ, ಸಂಜೆ
ನನ್ನ ಕಾಲಿನ ಮೇಲೆ ಡಿಪೋದಲ್ಲಿ ಬಾಜಿ ನಡೆದಿತ್ತು. ಎಲ್ಲರೂ ನಾನು ಗೆಲ್ಲುತ್ತೇನೆ ಎಂದೇ ಕಟ್ಟಿದ್ದರು. ಸೋಲುತ್ತಾನೆ ಎಂದವನು ಭಾವಮೈದ ಒಬ್ಬನೇ. ಮನೆಮುರುಕ ಎಂದು ಎಲ್ಲರೂ ಉಗಿದರು. ಪಾಪ, ಬಾಯಿ ಬಿಡಲಿಲ್ಲ.
ಅವನು ಕಟ್ಟಿದ ದುಡ್ಡು ನನ್ನದು. ಅವನು ಬೆರಳು ತಿರುಗಿಸಿದ ದಿನವೇ ಗುಟ್ಟಾಗಿ ಕೊಟ್ಟಿದ್ದೆ. ಗೇಟಿಗೆ ಬಿದ್ದರೂ ಕೈಯಲ್ಲಿ ನಾಲ್ಕು ಕಾಸಿರಲಿ ಎಂದು.
ಐವತ್ತು ಹೋಯಿತು ಎಂದಿದ್ದೇನೆ ಹೆಂಡತಿಗೆ. ಐವತ್ತಲ್ಲ. ಐನೂರೂ ಅಲ್ಲ... ಆರು ಸಾವಿರದ ನಾನೂರು, ಮನೆಯ ಬೀರುವಿನಿಂದ ತೆಗೆದದ್ದು. ಒಳಗೆ ಅವಳು ಬೀರು ತೆಗೆದ ಸದ್ದು—