ಚಪ್ಪಾಳೆ ಸಿಗದ ಬದನೆಕಾಯಿ

ಲೊಕ್ಕನಹಳ್ಳಿ
17 ಡಿಸೆಂಬರ್ 2024, ಮಂಗಳವಾರ

ಮಹದೇವಿಯ ಅಪ್ಪನಿಗೆ, ನಿಮ್ಮ ರತ್ನಳ ನಮಸ್ಕಾರಗಳು.

ಕಾಲು ಹೇಗಿದೆ? ಹೋದ ವರ್ಷ ಆನೆ ಓಡಿಸುವಾಗ ಬಿದ್ದು ಮುರಿದುಕೊಂಡದ್ದು, ಈ ಚಳಿಗೆ ನೋಯುತ್ತಿದ್ದರೂ ಬಾಯಿ ಬಿಟ್ಟು ಹೇಳುವವರಲ್ಲ ನೀವು. ಎಣ್ಣೆ ಸೀಸೆ ಕಳಿಸುತ್ತಿದ್ದೇನೆ, ತಿಕ್ಕಿಕೊಳ್ಳಿ. ಫಾರೆಸ್ಟ್ ಕ್ಯಾಂಪಿನವರಿಗೆಲ್ಲ ಹಂಚಿ ಖಾಲಿ ಮಾಡಬೇಡಿ. ನಿಮ್ಮ ಕಾಡಿನಲ್ಲಿ ಸಿಗ್ನಲ್ ಸಿಗುವುದಿಲ್ಲವಾದ್ದರಿಂದ ಎಂಟನೇ ಕ್ಲಾಸಿಗೆ ಬಿಟ್ಟ ಪೆನ್ನನ್ನು ಮತ್ತೆ ಹಿಡಿದಿದ್ದೇನೆ, ತಪ್ಪಿದ್ದರೆ ನಗಬೇಡಿ. ನಿಮ್ಮ ಕ್ಯಾಂಪಿನ ರೇಷನ್ ಜೀಪು ನಾಳೆ ಬೆಳಗ್ಗೆ ಹೊರಡುತ್ತದಂತೆ, ಕಾಗದವನ್ನು ಅದರಲ್ಲೇ ಕಳಿಸುತ್ತೇನೆ. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಬರೆಯುವುದೇನೋ ಬರೆದುಬಿಟ್ಟೆ, ಆದರೆ ಅದು ಪೂರ್ತಿ ನಿಜವಲ್ಲ.

ಶನಿವಾರ ಶಾಲೆಯ ವಾರ್ಷಿಕೋತ್ಸವ ಇತ್ತಲ್ಲ, ಬಂದೇ ಬರುತ್ತೇನೆಂದು ಹೇಳಿ ನೀವು ಬರದೇ ಹೋದದ್ದು. ಕತ್ತಲಾಗುವುದರೊಳಗೆ ಮುಗಿಯಲೆಂದು ಮಧ್ಯಾಹ್ನ ಎರಡಕ್ಕೇ ಶುರು ಮಾಡಿದರು. ಶಾಲೆಯ ಜಗಲಿಯೇ ಸ್ಟೇಜು. ನಾವು ಅಂಗಳದಲ್ಲಿ ಜಮಖಾನದ ಮೇಲೆ, ಗೇಟಿಗೂ ರಸ್ತೆಯಾಚೆಯ ಜೋಳದ ಹೊಲಕ್ಕೂ ಬೆನ್ನು ಹಾಕಿ ಕುಳಿತಿದ್ದೆವು. ಎರಡನೇ ಕ್ಲಾಸಿನವರದ್ದು ತರಕಾರಿ ಡ್ಯಾನ್ಸು. ನಿಮ್ಮ ಮಗಳು ಬದನೆಕಾಯಿ! ನನ್ನ ನೇರಳೆ ಬಣ್ಣದ ಸೀರೆಯನ್ನು ಹರಿದು ಗೌನು ಹೊಲಿದಿದ್ದೆ, ಹನೂರಿನಿಂದ ಹಸಿರು ಕಾಗದ ತರಿಸಿ ತಲೆಗೆ ತೊಟ್ಟು ಮಾಡಿದ್ದೆ. ನಾಗರಾಜಣ್ಣನ ಮಗ ಸೋರೆಕಾಯಿ, ಬಂದವನೇ ಮಕಾಡೆ ಬಿದ್ದ. ಇವಳು ಅವನ ಕೈ ಹಿಡಿದು ಎಬ್ಬಿಸಿ, ತನ್ನ ತೊಟ್ಟು ಸರಿಮಾಡಿಕೊಂಡು, ಏನೂ ಆಗಿಲ್ಲವೆಂಬಂತೆ ಮತ್ತೆ ತಾಳಕ್ಕೆ ಸೇರಿಕೊಂಡಳು. ಅಯ್ಯೋ, ನನ್ನ ಹೊಟ್ಟೆಯಲ್ಲಿ ಹುಟ್ಟಿದ್ದಾ ಇದು ಅನ್ನಿಸಿಬಿಟ್ಟಿತು! ನಿಮ್ಮ ಅವ್ವನಂತೂ ಅಕ್ಕಪಕ್ಕದವರಿಗೆಲ್ಲ "ಆ ಬದ್ನೆಕಾಯಿ ನಮ್ದು ಕಣ್ರವ್ವಾ" ಎಂದು ಹೇಳಿದ್ದೇ ಹೇಳಿದ್ದು.

ಅಷ್ಟರಲ್ಲಿ ಉದಯಕುಮಾರ್ ಮೇಷ್ಟ್ರು ಬಗ್ಗಿಕೊಂಡು ಬಂದು ನನ್ನ ಕಿವಿಯಲ್ಲಿ, "ಜೋಳದೊಳ್ಗೆ ಆನೆ ನಿಂತದೆ ಕಣಕ್ಕಾ. ಫಾರೆಸ್ಟ್‌ನವ್ರು ಬತ್ತಾವ್ರೆ. ಯಾರೂ ಏಳ್ಬ್ಯಾಡಿ, ತಿರುಗಿ ನೋಡ್ಬ್ಯಾಡಿ, ಚಪ್ಪಾಳೆ ತಟ್ಬ್ಯಾಡಿ. ಮಕ್ಳು ಎದ್ರಿ ಓಡಿದ್ರೆ ಕಷ್ಟ" ಎಂದರು. ಮಾತು ಕಿವಿಯಿಂದ ಕಿವಿಗೆ ಹೋಯಿತು. ನೂರು ಜನ ಅಲ್ಲಾಡದೆ ಕುಳಿತೆವು. ಹಾಡಿನ ನಡುವೆ ಜೋಳದ ದಂಟು ಮುರಿಯುವ ಲಟಲಟ ಸದ್ದು ನನಗೆ ಕೇಳಿಸುತ್ತಿತ್ತು. ಆದರೂ ಹಲ್ಲು ಬಿಟ್ಟುಕೊಂಡು ನಗುತ್ತಲೇ ಇದ್ದೆ. ನಿಮ್ಮ ಕಾಲು ಮುರಿದಾಗಿನಿಂದ ಆನೆ ಅಂದರೆ ಸಾಕು, ಮಗಳು ನನ್ನ ಸೆರಗಿನೊಳಗೆ ಸೇರಿಕೊಳ್ಳುತ್ತಾಳೆ. ಇವಳಿಗೆ ಮಾತ್ರ ಗೊತ್ತಾಗದಿರಲಿ ಮಾದಪ್ಪಾ ಎಂದು ಬೇಡಿಕೊಂಡೆ. ಹಾಡು ಮುಗಿಯಿತು. ಮಕ್ಕಳು ಸಾಲಾಗಿ ನಿಂತು ಕೈಮುಗಿದರು. ಒಬ್ಬರೂ ಚಪ್ಪಾಳೆ ತಟ್ಟಲಿಲ್ಲ. ಅವಳು ನನ್ನ ಕಡೆಗೇ ನೋಡುತ್ತಿದ್ದಳು, ನಾನು ಕೈಗಳನ್ನು ತೊಡೆಯ ಕೆಳಗೆ ಅದುಮಿಕೊಂಡಿದ್ದೆ. ಆಮೇಲೆ ಮಕ್ಕಳನ್ನು ಮೆಲ್ಲಗೆ ಕ್ಲಾಸಿನೊಳಗೆ ಕರೆದುಕೊಂಡು ಹೋದರು. ಸ್ವಲ್ಪ ಹೊತ್ತಿಗೆ ಆನೆ ತಾನಾಗಿಯೇ ಕಾಡಿನ ಕಡೆ ತಿರುಗಿತು. ಯಾರಿಗೂ ಏನೂ ಆಗಲಿಲ್ಲ.

ಅವತ್ತಿನಿಂದ ಮಗಳು ಮಂಕಾಗಿದ್ದಾಳೆ. ಸರಿಯಾಗಿ ಉಣ್ಣುವುದಿಲ್ಲ, ನಿನ್ನೆಯೂ ಇವತ್ತೂ ಶಾಲೆಗೆ ಹೋಗಲಿಲ್ಲ. ತಾನು ಚೆನ್ನಾಗಿ ಕುಣಿಯಲಿಲ್ಲ, ಅದಕ್ಕೇ ಯಾರೂ ಚಪ್ಪಾಳೆ ತಟ್ಟಲಿಲ್ಲ ಎಂದುಕೊಂಡಿರಬೇಕು. ನಿಜ ಹೇಳೋಣವೆಂದರೆ ಆನೆಯ ಸುದ್ದಿ ತೆಗೆಯಬೇಕಾಗುತ್ತದೆ, ಆಮೇಲೆ ನೀವು ಕ್ಯಾಂಪಿಗೆ ಹೊರಟಾಗಲೆಲ್ಲ ಅತ್ತು ರಂಪ ಮಾಡುತ್ತಾಳೆ. ಸಾಹೇಬರ ಕೈಕಾಲು ಹಿಡಿದಾದರೂ ಒಂದು ದಿನ ರಜೆ ತೆಗೆದುಕೊಂಡು ಭಾನುವಾರ ಬನ್ನಿ. ಮನೆಯಲ್ಲೇ ಕುಣಿಸುತ್ತೇನೆ, ಅಂಗೈ ಉರಿಯುವಷ್ಟು ಚಪ್ಪಾಳೆ ತಟ್ಟಿ. ಆನೆಯ ಮಾತು ಮಾತ್ರ ಎತ್ತಬೇಡಿ.

ಅವ್ವ ನಿಮಗೆ ಆಶೀರ್ವಾದ ತಿಳಿಸಿದ್ದಾರೆ. ಮಾದಪ್ಪ ನಿಮ್ಮನ್ನು ಕಾಯಲಿ.

ಇಂತಿ ನಿಮ್ಮ,
ರತ್ನ

ತಾ.ಕ.: ಕಾಗದ ಮಡಿಸುತ್ತಿದ್ದೆ, ಮಹದೇವಿ ಬಂದು ಏನು ಬರೆದೆ ಎಂದು ಕೇಳಿದಳು. ನಿನ್ನ ಡ್ಯಾನ್ಸಿನ ವಿಷಯ ಎಂದೆ. "ಆನೆ ಬಂದಿದ್ದೂ ಬರ್ದ್ಯಾ?" ಎಂದಳು. ನಿನಗೆ ಯಾರು ಹೇಳಿದರು ಎಂದೆ. "ನಿಮ್ಮ ಇಂದ್ಗಡೇನೆ ನಿಂತಿತ್ತು ಕಣವ್ವಾ. ನಾನು ಶುರುವಿಂದ್ಲೂ ನೋಡ್ತಿದ್ದೆ. ಕುಣಿಯೋದು ಬಿಟ್ರೆ ನೀನು ತಿರುಗಿ ನೋಡಿ ಎದರ್ಕತಿದ್ದೆ. ಅದ್ಕೇ ಕುಣೀತಾನೇ ಇದ್ದೆ" ಎಂದಳು. ಆಮೇಲೆ ಪಕ್ಕದಲ್ಲಿದ್ದ ಪೆನ್ನನ್ನು ಎತ್ತಿಕೊಂಡು, "ಅಪ್ಪಂಗೆ ಬರೀಬ್ಯಾಡ, ಪಾಪ, ಎದರ್ಕತದೆ" ಎಂದಳು. ಅವಳು ಮಲಗಿದ ಮೇಲೆ ಇಷ್ಟು ಬರೆದೆ. ಭಾನುವಾರದವರೆಗೆ ಕಾಯಬೇಡಿ, ಇದೇ ಜೀಪಿನಲ್ಲಿ ಬಂದುಬಿಡಿ.