ಓದದೆ ಬಿಟ್ಟ ಹೆಸರು

ಕರುಣಾಪುರ, ಮಲಪ್ರಭೆಯ ದಂಡೆ
ಕ್ರಿ.ಶ. ೨೧೬೮, ಉರಿದಿಂಗಳು ೪

ನಮ್ಮ ಸಭೆಯನ್ನು ಕಟ್ಟಿದ ಪೂಜ್ಯ ಹಿರಿಯರಿಗೆ, ಯೆಮೀಮಾ ಕರಬಸಣ್ಣವರ ಮಾಡುವ ವಂದನೆಗಳು.

ತಾರೀಖು ಕಂಡು ಗಾಬರಿಯಾಗಬೇಡಿ. ಬೇಸಿಗೆ ಬೆಳೆಯುತ್ತ ಹೋಗಿ ನಮ್ಮ ಕಾಲಕ್ಕೆ ವರ್ಷಕ್ಕೆ ಹದಿಮೂರನೆಯ ತಿಂಗಳೊಂದು ಸೇರಿಕೊಂಡಿದೆ. ಅದನ್ನೇ ಉರಿದಿಂಗಳು ಎನ್ನುತ್ತೇವೆ. ನಿಮ್ಮ ಕಿವಿಗೆ ಒಗ್ಗದ ಇಂಥ ಮಾತು ಇನ್ನೂ ಒಂದೆರಡು ಬಂದಾವು, ಮನ್ನಿಸಿ.

ನೀವು ತೋಡಿಸಿದ ಬಾವಿಗಳು ನಮಗೆ ಉಳಿದಿಲ್ಲ. ಚರ್ಚಿನ ಹಿಂದೆ ಹನಿಮನೆ ಇದೆ. ಗಾಳಿಯ ತೇವವನ್ನು ಹೀರಿ ನೀರು ಕೂಡಿಸುವ ಕಟ್ಟಡ ಅದು. ಬೆಳಗಾದರೆ ಮನೆಮನೆಯವರೂ ಬಂದು ತಮ್ಮ ಪಾಲು ಒಯ್ಯುತ್ತಾರೆ. ಪಾತ್ರೆಗಳನ್ನು ಮರಳಿನಲ್ಲಿ ಉಜ್ಜುತ್ತೇವೆ, ಬಟ್ಟೆಗಳನ್ನು ಬೂದಿಯಲ್ಲಿ ತಿಕ್ಕಿ ಬಿಸಿಲಿಗೆ ಹರವುತ್ತೇವೆ. ಹೀಗಾಗಿ ಪಾಲಿಗಿಂತ ಹೆಚ್ಚು ನೀರು ಒಯ್ಯುವುದು ನಮ್ಮಲ್ಲಿ ಕಳ್ಳತನವೇ. ಹಾಗೆ ಮಾಡಿದವರ ಹೆಸರನ್ನು ಭಾನುವಾರ ಎಲ್ಲರ ಮುಂದೆ ಓದಿ, ಅವರನ್ನು ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನದಿಂದ ಹೊರಗಿಡುತ್ತೇವೆ. ಹಿರಿಯರ ಕೂಟದಲ್ಲಿ ಆ ಓದುವ ಕೆಲಸ ನನ್ನದು.

ಈ ವರ್ಷ ಸಲೋಮಿ ಎಂಬವಳು, ಹಾಸಿಗೆ ಹಿಡಿದ ಅತ್ತೆ ದೀನಮ್ಮನವರ ಮೈ ತೊಳೆಯಲೆಂದು ಹೆಚ್ಚಿಗೆ ನೀರು ಒಯ್ದಳು. ಅದೇ ಹೊತ್ತಿಗೆ ಪ್ರಭುದಾಸ ಮೇಟಿಯವರು ತಮ್ಮ ದಾಳಿಂಬೆ ಗಿಡಗಳಿಗೆ ಹನಿಮನೆಯಿಂದ ಕದ್ದು ಪೈಪನ್ನೇ ಎಳೆದಿದ್ದರು. ಎರಡೂ ಸಂಗತಿ ಕೂಟದ ಮುಂದೆ ಬಂದವು. ಹನಿಮನೆಯ ರಿಪೇರಿ ಬಲ್ಲವರು ಮೇಟಿಯವರ ಮನೆಯವರು ಮಾತ್ರ. ಅವರು ಮುನಿಸಿಕೊಂಡು ಪಕ್ಕದೂರಿನ ಸಭೆ ಸೇರಿದರೆ ಗತಿಯೇನೆಂದು ಎಲ್ಲರಿಗೂ ಅಳುಕು.

“ನಿಯಮದಾಗ ‘ಸಂದರ್ಭ ನೋಡಿಕೊಂಡು’ ಅಂತ ಐತಲ್ಲ. ಮೇಟಿಯವ್ರ ಮನೀಗೇ ಹೋಗಿ, ಪ್ರಾರ್ಥನಿ ಮಾಡಿ, ಬುದ್ಧಿ ಹೇಳಿ ಬರೂಣು,” ಎಂದರು ಸಭಾಪಾಲಕರು.

ನಾನು ಒಪ್ಪಿ ತಲೆಯಾಡಿಸಿದೆ. ಭಾನುವಾರ ಒಂದೇ ಹೆಸರು ಓದಿದೆ: ಸಲೋಮಿ, ಕ್ರಿಸ್ಮಸ್‌ವರೆಗೆ.

ಅವಳ ಮನೆಗೆ ಯಾರೂ ಹೋಗಕೂಡದೆಂದು ನಾವು ಹೇಳಿರಲಿಲ್ಲ. ಆದರೂ ಜನ ಹೋಗುವುದನ್ನು ಬಿಟ್ಟರು. ನಾನೂ ಬಿಟ್ಟೆ. ಕೆಲವು ವಾರಗಳಲ್ಲಿ ದೀನಮ್ಮ ತೀರಿಕೊಂಡರು. ಪೆಟ್ಟಿಗೆ ಹೊರಲು ಜನ ಸಾಲದೆ ಸೊಸೆಯೇ ಹೆಗಲು ಕೊಟ್ಟಳಂತೆ. ಅದನ್ನು ಕೇಳಿದ ಮೇಲೆ ಸುಮ್ಮನೆ ಕೂಡಲಾಗದೆ ಅವಳ ಮನೆಗೆ ಹೋದೆ.

“ತಪ್ಪಾತವ್ವಾ,” ಎಂದೆ.

ಸಲೋಮಿ ಹಾಸಿಗೆ ಮಡಚುತ್ತಿದ್ದಳು. “ನಾ ನೀರು ತಗೊಂಡದ್ದು ಖರೇ ಅಕ್ಕಾರ. ಶಿಕ್ಷಾ ಬ್ಯಾಡ ಅಂತ ನಾ ಅನ್ಲಿಲ್ಲ. ಆದ್ರ ನನ್ನ ಹೆಸರು ಎಲ್ಲಾರ ಮುಂದ ಓದಿದ್ರಿ. ಈಗ ನನ್ನ ಒಬ್ಬಾಕಿ ಮುಂದ ಬಂದು ತಪ್ಪಾತು ಅಂತೀರಿ.”

ಮುಂದಿನ ಭಾನುವಾರ ಎದ್ದು ನಿಂತು, ನಾವು ಮುಚ್ಚಿಟ್ಟಿದ್ದನ್ನೆಲ್ಲ ಹೇಳಿದೆ. ಮೇಟಿಯವರ ಮನೆಯವರು ಅಲ್ಲಿಂದಲೇ ಎದ್ದು ಹೋದರು. ಈಗ ಹನಿಮನೆ ಆಗಾಗ ಕೆಡುತ್ತದೆ, ಪಾಲು ಅರ್ಧಕ್ಕಿಳಿದಿದೆ, ನೀರಿಗೆ ನಿಂತ ಹೆಂಗಸರು ನನ್ನನ್ನು ಕಂಡರೆ ಮುಖ ತಿರುಗಿಸುತ್ತಾರೆ. ಕೂಟದವರು ಸಲೋಮಿಯ ಶಿಕ್ಷೆಯನ್ನು ರದ್ದು ಮಾಡಲು ಮುಂದಾದರು.

“ಕ್ರಿಸ್ಮಸ್ ತನಕ ಅಂದೀರಿ, ಅಲ್ಲೀತನಕ ಹಿಂದೇ ಕೂಡ್ತೀನಿ,” ಎಂದಳು ಅವಳು.

ಭೋಜನದ ದಿನ ಎಲ್ಲರೂ ಮುಂದೆ ಹೋದಾಗ ನಾನು ಹೋಗಲಿಲ್ಲ. ಕೊನೆಯ ಬೆಂಚಿನಲ್ಲಿ ಅವಳ ಪಕ್ಕ ಕೂತೆ. ಅವಳು ನನ್ನ ಕಡೆ ನೋಡಲಿಲ್ಲ, ಸರಿದೂ ಕೂರಲಿಲ್ಲ.

ನೀವು ಬರೆಯುತ್ತಿರುವ ಸಭಾನಿಯಮಗಳೇ ನಮ್ಮ ಕೈಗೂ ಬರುತ್ತವೆ. ಅವುಗಳಲ್ಲಿ ‘ಸಂದರ್ಭ ನೋಡಿಕೊಂಡು’ ಎಂಬ ಮಾತನ್ನು ದಯವಿಟ್ಟು ಸೇರಿಸಬೇಡಿ. ಆ ಸಂದಿನಲ್ಲೇ ನಾವು ಮೇಟಿಯವರನ್ನು ದಾಟಿಸಿದೆವು. ಇನ್ನೊಂದು ಮಾತನ್ನು ಸೇರಿಸಿ: ಯಾರನ್ನು ಭೋಜನದಿಂದ ಹೊರಗಿಟ್ಟರೋ ಅವರ ಮನೆಗೆ ಆ ದಿನವೇ ಹಿರಿಯರೊಬ್ಬರು ಊಟಕ್ಕೆ ಹೋಗಬೇಕು. ಅಂಥದೊಂದು ನಿಯಮವಿದ್ದಿದ್ದರೆ ನಾನು ಹೋಗುತ್ತಿದ್ದೆ, ದೀನಮ್ಮನವರನ್ನು ಕೊನೆಯ ಸಲ ಮಾತಾಡಿಸುತ್ತಿದ್ದೆ. ಚಿಕ್ಕವಳಿದ್ದಾಗ ನನಗೆ ಓದಲು ಕಲಿಸಿದವರು ಅವರು.

ಇಂತಿ, ನಿಮ್ಮ ಕ್ಷಮೆಯನ್ನೂ ಬೇಡುವ
ಯೆಮೀಮಾ