ಕಪ್ಪು ಗಾಳದ ಕೋಲು

ಅಗಾದಿರ್
ಜನವರಿ 18

ಬಾಯಿ ಬಿಟ್ಟರೆ ಮುತ್ತು ಉದುರೀತೆಂದು ಹೆದರುವ ಬುಜೆಮಾಗೆ,

ಫೋನ್ ಮಾಡಿದರೆ ಹೂಂ, ಊಹೂಂ ಎಂದು ಮುಗಿಸುತ್ತೀಯೆ. ಅದಕ್ಕೇ ಬರೆಯುತ್ತಿದ್ದೇನೆ. ಜಗಳಕ್ಕೂ ನನ್ನಲ್ಲಿ ತ್ರಾಣವಿಲ್ಲ.

ತಂಗಿ ತೂದಾ ನಿನ್ನೆ ಬೀರುವಿನಲ್ಲಿ ಅರ್ಧ ಜಾಗ ಖಾಲಿ ಮಾಡಿಕೊಟ್ಟಳು. "ಇನ್ನೆಷ್ಟು ದಿನಾಂತ ಬಟ್ಟೇನ ಚೀಲದಲ್ಲೇ ಇಟ್ಕೋತೀಯಕ್ಕಾ? ಇಲ್ಲೇ ಇದ್ಬಿಡು" ಎಂದಳು. ಇನ್ನು ನಮ್ಮೂರು ಇಫ್ನಿಗೆ ಕಾಲಿಡುವುದಿಲ್ಲ ಎಂದು ಬಾಗಿಲು ಬಡಿದು ಬಂದವಳು ನಾನೇ, ನಿಜ. ಆದರೂ ಅಲ್ಲಿ ಬಟ್ಟೆ ಜೋಡಿಸಲು ಕೈ ಬರಲಿಲ್ಲ.

ಮಧ್ಯಾಹ್ನ ನಿನ್ನ ಹ್ಯಾಮ್ ರೇಡಿಯೊ ಗೆಳೆಯ ಮಿಲೂದ್ ಬಂದಿದ್ದ. ಪುದೀನ ಚಹಾಕ್ಕೆ ಸಕ್ಕರೆ ಸಾಲದೆಂದು ಗೊಣಗಿ, ಆಮೇಲೆ ಕೇಳಿದ: "ಅತ್ತಿಗೆ, ನಿಮ್ಮ ಯಜಮಾನ ಬದುಕಿದಾನೋ ಇಲ್ವೋ? ಇಡೀ ಚಳಿಗಾಲ ಇಪ್ಪತ್ತೆಂಟು ಮೆಗಾಹರ್ಟ್ಸಲ್ಲಿ ಬ್ರೆಜಿಲ್‌ನವರು, ಜಪಾನಿನವರು ಸಂತೇಲಿ ಕೂಗ್ದಂಗೆ ಕೂಗ್ತಿದ್ರು. ಇವನದ್ದು ಮಾತ್ರ ಚಕಾರ ಇಲ್ಲ!"

ದಿನಾ ಬಂಡೆ ಹತ್ತಿ ಆಂಟೆನಾ ನಿಲ್ಲಿಸುತ್ತಾನಲ್ಲ ಎಂದೆ. ಆಂಟೆನಾ ತಂತಿ ಕಟ್ಟಿ ನಿಲ್ಲಿಸಲೆಂದು ನಾನು ಕೊಡಿಸಿದ ಹೊಸ ಗಾಳದ ಕೋಲಿನ ಸುದ್ದಿಯನ್ನೂ ಜಂಬದಿಂದ ಹೇಳಿದೆ: ಕಪ್ಪಗಿದೆ, ಕಾರ್ಬನ್ನಿನದು, ಹೂವಿನಷ್ಟು ಹಗುರ, ನಿನ್ನ ಬೆನ್ನುನೋವಿಗೆಂದೇ ತಂದದ್ದು. ಮಿಲೂದ್ ಹಣೆ ಚಚ್ಚಿಕೊಂಡ.

"ಅಯ್ಯೋ ಅತ್ತಿಗೆ! ಕಾರ್ಬನ್ ಕೋಲಿಗೆ ಯಾರಾದ್ರೂ ಆಂಟೆನಾ ತಂತಿ ಕಟ್ತಾರಾ? ಅದರಲ್ಲೂ ಕರೆಂಟ್ ಹರಿಯುತ್ತೆ, ಸಿಗ್ನಲ್‌ನೆಲ್ಲ ಅದೇ ನುಂಗ್ಬಿಡುತ್ತೆ. ಹಳೇ ಗಾಜುನಾರಿನ ಕೋಲು, ಅದೇ ಫೈಬರ್‌ಗ್ಲಾಸಿಂದು, ಭಾರ ಇದ್ರೂ ಅದರ ಪಾಡಿಗೆ ಸುಮ್ನಿರ್ತಿತ್ತು. ಇದು ಬುಜೆಮಾಗೆ ಗೊತ್ತಿಲ್ದೆ ಇರುತ್ತಾ?"

ಗೊತ್ತಿತ್ತು, ಅಲ್ಲವೇ? ಕೋಲು ಕೈಗಿಟ್ಟ ದಿನ ನೀನು ಅದನ್ನು ಬೆರಳ ಮೇಲೆ ನಿಲ್ಲಿಸಿ, "ಭೇಷ್ ಕಣೇ" ಎಂದೆ. ನಾನು ಹಿರಿಹಿರಿ ಹಿಗ್ಗಿ, ಹಳೆಯದನ್ನು ಪಕ್ಕದ ಮನೆಯವರಿಗೆ ಬಟ್ಟೆ ಒಣಹಾಕಲು ಕೊಟ್ಟುಬಿಟ್ಟೆ. ಆಗಲೂ ನೀನು ತುಟಿ ಬಿಚ್ಚಲಿಲ್ಲ. ಅಷ್ಟು ವರ್ಷ ಆ ಭಾರದ ಕೋಲನ್ನು ನಾನು ಹೊತ್ತು, ರೇಡಿಯೊ ಚೀಲವನ್ನು ನೀನು ಹೊತ್ತು, ಜೊತೆಗೇ ಬಂಡೆ ಹತ್ತುತ್ತಿದ್ದೆವು. ಮರುದಿನದಿಂದ, "ಈಗ ಹಗುರ ಆಯ್ತಲ್ಲ, ನೀನ್ಯಾಕೆ ಬರ್ತೀಯ? ಮನೇಲಿರು" ಎಂದು ಒಬ್ಬನೇ ಹೊರಟೆ. ಸಂಜೆ ಮುಖ ಸಪ್ಪೆ ಮಾಡಿಕೊಂಡು ಬರುತ್ತಿದ್ದೆ. ರೇಡಿಯೊದಲ್ಲಿ ಯಾರು ಸಿಕ್ಕರು ಎಂದರೆ ಬ್ಯಾಂಡ್ ಮುಚ್ಚಿತ್ತು, ಅಲೆಗಳು ದೂರ ಹೋಗುತ್ತಿಲ್ಲ ಎನ್ನುತ್ತಿದ್ದೆ. ಬರಬರುತ್ತಾ ಶುಕ್ರವಾರದ ಕುಸ್‌ಕುಸ್ ಮುಂದೆ ಕುಳಿತಾಗಲೂ ಮಾತಿಲ್ಲ. "ನಾನು ನಿಂಗೆ ಸಾಕಾಗಿಬಿಟ್ನಾ?" ಎಂದು ಕೇಳಿದಾಗ ಗೋಡೆ ನೋಡಿದೆ. ಇನ್ನೇನೆಂದುಕೊಳ್ಳಲಿ ನಾನು?

ನಿನ್ನ ಈ ಒಳ್ಳೆಯತನಕ್ಕಿಷ್ಟು ಬೆಂಕಿ ಹಾಕ! ನನ್ನ ಉಡುಗೊರೆಗೆ ನೋವಾಗಬಾರದೆಂದು ನನ್ನನ್ನೇ ನೋಯಿಸಿದೆಯಲ್ಲ. ದಿನವೂ ಆ ಗಾಳಿಯಲ್ಲಿ ನಿಂತು ಉತ್ತರ ಬಾರದೆಂದು ಗೊತ್ತಿದ್ದೂ ಕೂಗಿದೆಯಲ್ಲ. ರಾತ್ರಿಯೆಲ್ಲ ಅದನ್ನೇ ನೆನೆದು ಅತ್ತೆ. ಸಿಟ್ಟಿಗೂ ಅತ್ತೆ.

ಗುರುವಾರದ ಬಸ್ಸಿಗೆ ಹೊರಡುತ್ತೇನೆ. ಮಿಲೂದ್ ತನ್ನ ಗಾಜುನಾರಿನ ಕೋಲು ಕೊಟ್ಟಿದ್ದಾನೆ. ಆದರೆ ನನ್ನನ್ನು ಕಂಡ ಕೂಡಲೇ, "ನೀನು ತಂದ ಕೋಲು ಮೂರು ಕಾಸಿಗೆ ಪ್ರಯೋಜನ ಇಲ್ಲ ಕಣೇ" ಎಂದು ಬಾಯಿ ತುಂಬ ಬೈಯಬೇಕು. ಬೈಯದಿದ್ದರೆ ಅದೇ ಬಸ್ಸು ಹತ್ತಿ ವಾಪಸು ಬರುತ್ತೇನೆ, ನೋಡು.

ದಣಿದಿರುವ, ಆದರೂ ನಿನ್ನವಳೇ ಆದ,
ಇಜ್ಜಾ

ಮತ್ತೆ: ಹಗುರ ಕೋಲು ತಂದದ್ದು ನಿನ್ನ ಬೆನ್ನಿಗಲ್ಲ. ಕಳೆದ ವರ್ಷದಿಂದ ಬಂಡೆ ಹತ್ತುವಾಗ ನನ್ನ ಮೊಣಕಾಲಲ್ಲಿ ಜೀವ ಹೋಗುತ್ತಿತ್ತು. ಹೇಳಿದ್ದರೆ ಮನೆಯಲ್ಲೇ ಕೂರು ಎನ್ನುತ್ತಿದ್ದೆ, ನಿನ್ನ ಜೊತೆ ಬರುವುದು ತಪ್ಪುತ್ತಿತ್ತು. ಅದಕ್ಕೇ ನುಂಗಿಕೊಂಡೆ. ಗುರುವಾರ ಬಸ್ ನಿಲ್ದಾಣಕ್ಕೆ ಬಾ. ಮನೆಯವರೆಗಿನ ಏರು ಒಬ್ಬಳೇ ಹತ್ತಲಾರೆ.